ಐದು ನಿಮಿಷದ ರೇಸಿಗೆ 5000 ಎಂಎಎಚ್ ಬ್ಯಾಟರಿ: ಬೆಳಗಾವಿಯ ಕೆಮ್ಮಣ್ಣಿನ ಟ್ರ್ಯಾಕಿನಲ್ಲಿ ಕಂಡದ್ದು

ಆರ್‌ಸಿ, ಅಂದರೆ ರೇಡಿಯೊ ರಿಮೋಟಿನಿಂದ ಓಡಿಸುವ ಪುಟ್ಟ ಕಾರುಗಳ ರೇಸಿಗೆ ಹೊಸದಾಗಿ ಬರುವವರು ಬ್ಯಾಟರಿ ಕೊಳ್ಳುವಾಗ ಕವಚದ ಮೇಲೆ ದಪ್ಪಕ್ಷರದಲ್ಲಿರುವ ಎಂಎಎಚ್ (ಮಿಲಿಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆಂಬ) ಅಂಕಿಯನ್ನೇ ನೋಡುತ್ತಾರೆ. ಅದನ್ನು ರೇಸಿನ ಅವಧಿಯ ಜೊತೆ ಹೊಂದಿಸಿ ಲೆಕ್ಕ ಹಾಕುವವರು ಕಡಿಮೆ. ಮಳೆಗಾಲ ಮುಗಿದ ಮೇಲೆ ನನ್ನ 1/10 ಅಳತೆಯ ಬಗ್ಗಿಯಲ್ಲಿ (ಮಣ್ಣಿನ ಟ್ರ್ಯಾಕಿನ ಕಾರಿನಲ್ಲಿ) ಬಳಸುತ್ತಿರುವ 2ಎಸ್ (ಸರಣಿಯಲ್ಲಿ ಎರಡು ಸೆಲ್), 5000 ಎಂಎಎಚ್, ಗಟ್ಟಿ ಕವಚದ ಲೈಪೊ (ಲಿಥಿಯಂ ಪಾಲಿಮರ್) ಪ್ಯಾಕನ್ನು ಇಲ್ಲಿ ಆ ಲೆಕ್ಕದ ಮೇಲೆಯೇ ಪರಿಶೀಲಿಸಿದ್ದೇನೆ.

ಟಿಳಕವಾಡಿಯ ಆಚೆ ಗೆಳೆಯರೆಲ್ಲ ಸೇರಿ ಹದಮಾಡಿಕೊಂಡಿರುವ ಕೆಮ್ಮಣ್ಣಿನ ಟ್ರ್ಯಾಕಿನಲ್ಲಿ, 13.5 ಟರ್ನ್ (ಅಂದರೆ ಅಷ್ಟು ಸುತ್ತು ತಂತಿಯ) ಬ್ರಶ್‌ಲೆಸ್ ಮೋಟಾರಿನೊಂದಿಗೆ ಐದು ನಿಮಿಷ ರೇಸಿನ ವೇಗದಲ್ಲೇ ಓಡಿಸಿ, ಮತ್ತೆ ಪೂರ್ತಿ ಚಾರ್ಜ್ ಮಾಡಿದಾಗ ಚಾರ್ಜರ್ ತೋರಿಸಿದ್ದು ಸುಮಾರು 1800 ಎಂಎಎಚ್. ಲೈಪೊದಲ್ಲಿ ತುಂಬಿಸಿದ್ದಕ್ಕೂ ಖರ್ಚಾದದ್ದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲವಾದ್ದರಿಂದ ಇದನ್ನು ನಂಬಬಹುದು. ಅಂದರೆ ಕಾರು ಸರಾಸರಿ 21–22 ಆಂಪಿಯರ್ ಎಳೆದಿದೆ. ಸಾಮರ್ಥ್ಯದ ಶೇ. 80ಕ್ಕಿಂತ ಹೆಚ್ಚು ಖಾಲಿ ಮಾಡಬಾರದೆಂಬ ರೂಢಿಯನ್ನು ಪಾಲಿಸಿದರೂ ಈ ಪ್ಯಾಕ್ ಹನ್ನೊಂದು ನಿಮಿಷ ಓಡುತ್ತದೆ. ಆರು ಸೆಲ್‌ಗಳ 1200 ಎಂಎಎಚ್ ನಿಕಲ್-ಕ್ಯಾಡ್ಮಿಯಂ ಪ್ಯಾಕುಗಳ ಕಾಲದಲ್ಲಿ ನಾಲ್ಕು ನಿಮಿಷ ಓಡಿಸಲು ಸರಾಸರಿ 18 ಆಂಪಿಯರ್ ಮೀರುವಂತಿರಲಿಲ್ಲ. ಚಾರ್ಜನ್ನು ಕೊನೆಯ ಸುತ್ತಿನವರೆಗೆ ಉಳಿಸಿಕೊಳ್ಳುವುದೇ ಚಾಲಕನ ಜಾಣತನವಾಗಿತ್ತು. ಆ ಕಟ್ಟುಪಾಡು ಈಗ ಇಲ್ಲ.

ಹಾಗಾದರೆ ಮಿಕ್ಕ ಸಾಮರ್ಥ್ಯ ವ್ಯರ್ಥವೇ? ಪೂರ್ತಿ ವ್ಯರ್ಥವಲ್ಲ. ಒಂದೇ ಗುಣಮಟ್ಟದ ಸೆಲ್‌ಗಳಲ್ಲಿ ಸಾಮರ್ಥ್ಯ ಹೆಚ್ಚಿದ್ದಷ್ಟೂ ಒಳರೋಧ, ಅಂದರೆ ಸೆಲ್ ತನ್ನೊಳಗೇ ವಿದ್ಯುತ್ ಹರಿವಿಗೆ ಒಡ್ಡುವ ತಡೆ, ಕಡಿಮೆ. ನನ್ನ ಪ್ಯಾಕಿನಲ್ಲಿ ಸೆಲ್ಲಿಗೆ ಸುಮಾರು 3 ಮಿಲಿಓಮ್ ಇದೆ. ತಿರುವಿನಿಂದ ಹೊರಬಿದ್ದು ಥ್ರಾಟಲ್ ಪೂರ್ತಿ ಒತ್ತಿ 50 ಆಂಪಿಯರ್ ಎಳೆದ ಕ್ಷಣದಲ್ಲಿ ಕುಸಿಯುವ ವೋಲ್ಟೇಜ್ 0.3 ಮಾತ್ರ. ಐದನೆಯ ನಿಮಿಷದಲ್ಲೂ ನೆಗೆತದ ದಿಬ್ಬವನ್ನು ಕಾರು ಮೊದಲ ಸುತ್ತಿನಷ್ಟೇ ಚುರುಕಾಗಿ ದಾಟುತ್ತದೆ, ಮತ್ತು ಈ ಪ್ಯಾಕಿನಲ್ಲಿ ನಾನು ಮನಸಾರೆ ಮೆಚ್ಚಿದ ಗುಣ ಇದೇ.

ತೂಕ ಮಾತ್ರ ನಿಜವಾದ ತೊಡಕು. ನನ್ನ ಈ ಉದ್ದನೆಯ ಪ್ಯಾಕ್ 270 ಗ್ರಾಂ ಆಸುಪಾಸು ತೂಗಿದರೆ, ಗೆಳೆಯರೊಬ್ಬರ ಗಿಡ್ಡ ಪ್ಯಾಕ್, ಅಂದರೆ ಎಲ್ಲರೂ ಶಾರ್ಟಿ ಎನ್ನುವಂಥದ್ದು, 200 ಗ್ರಾಂ ಸುತ್ತಮುತ್ತ ಇದೆ. ಸಡಿಲ ಹರಳು ಹರಡಿರುವ ನಮ್ಮ ಟ್ರ್ಯಾಕಿನಲ್ಲಿ ಹಗುರ ಕಾರು ಬ್ರೇಕಿಗೆ ಬೇಗ ಮಣಿಯುತ್ತದೆ. ಶಾರ್ಟಿಯನ್ನು ಹಿಂದೆ ಮುಂದೆ ಸರಿಸಿ ಹಿಡಿತ ಹೊಂದಿಸಲೂ ಜಾಗ ಸಿಗುತ್ತದೆ.

ಕವಚದ ಮೇಲಿನ 100ಸಿ ಎಂಬ ಘೋಷಣೆಯನ್ನು ಒಪ್ಪಲಾರೆ. ಸಿ ಎಂದರೆ ಸಾಮರ್ಥ್ಯದ ಎಷ್ಟು ಪಟ್ಟು ಹರಿವು ಎಂಬ ಅಂಕಿ; 5000 ಎಂಎಎಚ್ ಪ್ಯಾಕಿನಲ್ಲಿ 100ಸಿ ಎಂದರೆ 500 ಆಂಪಿಯರ್ ನಿರಂತರ ಹರಿವು. ಪ್ಯಾಕಿನ ಜೊತೆ ಕೊಟ್ಟಿರುವ ವೈರು, ಕನೆಕ್ಟರುಗಳು ಅಷ್ಟನ್ನು ತಾಳಿಕೊಳ್ಳುವುದೇ ಸಾಧ್ಯವಿಲ್ಲ. ಕೊಳ್ಳುವವರು ಸಿ ಅಂಕಿಯನ್ನು ಬಿಟ್ಟು, ಒಳರೋಧ ತೋರಿಸುವ ಚಾರ್ಜರಿನಲ್ಲಿ ಎರಡೂ ಸೆಲ್‌ಗಳನ್ನು ಅಳೆದು ಹೋಲಿಸುವುದು ಒಳ್ಳೆಯದು.

ಕೈಪಿಡಿಯಲ್ಲಿ ಸಂಗ್ರಹದ ವಿಷಯಕ್ಕೆ ಒಂದೇ ಸಾಲು ಮೀಸಲಾಗಿರುವುದೂ ಸರಿಯಲ್ಲ. ರೇಸ್ ಇಲ್ಲದ ವಾರಗಳಲ್ಲಿ ಸೆಲ್ಲಿಗೆ 3.8 ವೋಲ್ಟಿನ ಹತ್ತಿರ ಇರಿಸಬೇಕು, 4.2ಕ್ಕೆ ತುಂಬಿಸಿದ ಪ್ಯಾಕನ್ನು ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಉಬ್ಬುವ ಅಪಾಯವಿದೆ, ವಿಜಯಪುರ, ಬಾಗಲಕೋಟೆಗಳ ಸೆಖೆಯಲ್ಲಂತೂ ಇನ್ನೂ ಹೆಚ್ಚು. ಚಾರ್ಜ್ ಮಾಡುವಾಗ 1ಸಿ, ಅಂದರೆ 5 ಆಂಪಿಯರ್ ಮೀರದೆ, ಎರಡೂ ಸೆಲ್‌ಗಳನ್ನು ಸಮನಾಗಿ ತುಂಬಿಸಲು ನೆರವಾಗುವ ಬ್ಯಾಲೆನ್ಸ್ ವೈರು ಜೋಡಿಸಿ, ಬ್ಯಾಟರಿಯ ಬಳಿಯೇ ಇರಬೇಕು.

ಒಂದೇ ಬ್ಯಾಟರಿಯಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಬೇಕೆನ್ನುವವರಿಗೆ ಈ ಪ್ಯಾಕನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಐದು ನಿಮಿಷದ ರೇಸಿಗಷ್ಟೇ ಇಳಿಯುವವರು ಅದೇ ಹಣದಲ್ಲಿ ಒಳರೋಧ ಕಡಿಮೆಯಿರುವ 4000 ಎಂಎಎಚ್ ಶಾರ್ಟಿಯನ್ನು ಹುಡುಕುವುದು ಲೇಸು.