"ಸುರಕ್ಷಿತ ಬಡಾವಣೆ" ಎಂದು ತೋರಿಸಿದ ಮೂರು ಮನೆಗಳು: ಯಲಹಂಕದಲ್ಲಿ ಮನೆ ಹುಡುಕಿಕೊಡುವ ಸೇವೆಯೊಂದರ ವಿಮರ್ಶೆ

ತಿಪಟೂರಿನಿಂದ ಯಲಹಂಕಕ್ಕೆ ಸಂಸಾರ ಸಮೇತ ಬರುವುದೆಂದು ತೀರ್ಮಾನವಾದಾಗ, ಬಾಡಿಗೆ ಮನೆ ಹುಡುಕಿಕೊಡುವ ಒಂದು ಸಂಸ್ಥೆಗೆ ಹಣ ಕಟ್ಟಿ ಅವರ ಸೇವೆ ಪಡೆದೆವು. ಶುಲ್ಕ ಒಂದು ತಿಂಗಳ ಬಾಡಿಗೆ, ನಮ್ಮ ಲೆಕ್ಕಕ್ಕೆ 22,000 ರೂಪಾಯಿ. ಬೇರೆ ದಲ್ಲಾಳಿಗಳು ಕೇಳುವುದೂ ಹೆಚ್ಚುಕಡಿಮೆ ಅಷ್ಟೇ. ಆದರೂ ಇವರನ್ನೇ ಆರಿಸಿಕೊಂಡದ್ದಕ್ಕೆ ಕಾರಣ, "ಸುರಕ್ಷಿತ ಬಡಾವಣೆಗಳಲ್ಲಿ ಮಾತ್ರ ಮನೆ ತೋರಿಸುತ್ತೇವೆ" ಎಂದು ಅವರು ಕೊಟ್ಟ ಮಾತು. ಮಗಳು ಕೆಲಸ ಮುಗಿಸಿ ಬಸ್ಸಿಳಿಯುವಾಗ ರಾತ್ರಿ ಒಂಬತ್ತಾಗುತ್ತದೆ. ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ, ಬೆಳಗಿನ ಹೊತ್ತು ಒಬ್ಬರೇ ನಡೆದು ಹೋಗಿ ಹೂವು ತರುವ ಅಭ್ಯಾಸ ಬಿಟ್ಟವರಲ್ಲ. ಆದ್ದರಿಂದ ನಮಗೆ ಬಾಡಿಗೆಗಿಂತ ಆ ಮಾತೇ ಮುಖ್ಯವಾಗಿತ್ತು. ಈ ವಿಮರ್ಶೆಯೂ ಮುಖ್ಯವಾಗಿ ಆ ಮಾತಿನ ಕುರಿತೇ.

ಉಳಿದ ಕೆಲಸದಲ್ಲಿ ಅವರನ್ನು ದೂರುವಂತಿಲ್ಲ. ಹೇಳಿದ ಹೊತ್ತಿಗೆ ಬಂದರು, ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದ ಮಾಲೀಕರನ್ನು ಐದಕ್ಕೆ ಒಪ್ಪಿಸಿದರು, ಕರಾರು ಪತ್ರವನ್ನು ತಪ್ಪಿಲ್ಲದೆ ಬರೆಸಿಕೊಟ್ಟರು.

ಮೊದಲು ತೋರಿಸಿದ್ದು ಎತ್ತರದ ಕಾಂಪೌಂಡು, ಕಾವಲುಗಾರ, ನಾಲ್ಕು ಕ್ಯಾಮೆರಾಗಳಿದ್ದ ಹೊಸ ಬಡಾವಣೆಯೊಂದರ ಮನೆಯನ್ನು. ಇದನ್ನು ಸುರಕ್ಷಿತ ಎನ್ನುವುದು ಯಾವ ಆಧಾರದ ಮೇಲೆ ಎಂದು ಕೇಳಿದೆ. ಜೊತೆಗೆ ಬಂದಿದ್ದ ಹುಡುಗ ಗೇಟನ್ನೂ ಕ್ಯಾಮೆರಾಗಳನ್ನೂ ತೋರಿಸಿ, "ಜನಾನೂ ಒಳ್ಳೆಯವರು ಸಾರ್, ಎಲ್ಲಾ ನಿಮ್ಮಂಥೋರೇ" ಎಂದ. ಒಳ್ಳೆಯವರು ಎಂದರೆ ಯಾರು ಎಂದು ಮತ್ತೆ ಕೇಳಿದಾಗ ಮಾತು ಜಾತಿಗೆ, ಮಾಂಸ ತಿನ್ನುವವರಿಗೆ ಮನೆ ಕೊಡುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಸಂಸ್ಥೆಯವರು ಕಲಿಸಿದ್ದನ್ನು ಅವನು ಹೇಳಿದ. ಆದರೆ ನೆರೆಯವರ ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂಬುದಕ್ಕೂ ನನ್ನ ಮಗಳು ಕ್ಷೇಮವಾಗಿ ಮನೆ ಸೇರುವುದಕ್ಕೂ ಏನೂ ಸಂಬಂಧವಿಲ್ಲ. ಇದನ್ನೇ ಸುರಕ್ಷತೆಯೆಂದು ತೋರಿಸಿ ಹಣ ಪಡೆಯುವುದು ತಪ್ಪು. ಇಂಥ ಮಾತಿನಿಂದಾಗಿ ಮನೆ ಸಿಗದೆ ಅಲೆಯುವ ಕುಟುಂಬಗಳನ್ನು ನೆನೆದರೆ ಅದು ಅನ್ಯಾಯವೂ ಹೌದು.

ಎರಡನೆಯ ಮನೆಗೆ ಹೊಸದಾಗಿ ಬಣ್ಣ ಹೊಡೆಸಿದ್ದರು. ನನ್ನ ಹೆಂಡತಿ ಕಾಂಪೌಂಡಿನ ಒಳಗೋಡೆಯನ್ನು ಕೈಯಿಂದ ಸವರಿ ನೋಡಿದಳು. ಮೊಣಕಾಲಿನ ಮಟ್ಟಕ್ಕೆ ಗೋಡೆಯುದ್ದಕ್ಕೂ ಒಂದು ಗೆರೆ ಇತ್ತು. ಅದರ ಕೆಳಗೆ ಬಣ್ಣವೆಲ್ಲ ಉಬ್ಬಿ, ಉಗುರು ತಾಗಿದರೆ ಉದುರುವಂತಾಗಿತ್ತು. ಬಾಗಿಲಿಗೆ ಎಲ್ಲೂ ಇಲ್ಲದಷ್ಟು ಎತ್ತರದ ಹೊಸ್ತಿಲು, ಸಂಪಿನ ಬಾಯಿಗೆ ಒಂದೂವರೆ ಅಡಿ ಇಟ್ಟಿಗೆ ಕಟ್ಟೆ. ಕೇಳಬೇಕಾದ ಪ್ರಶ್ನೆಗೆ ಮನೆಯೇ ಉತ್ತರ ಹೇಳುತ್ತಿತ್ತು. ಯಲಹಂಕದ ಮಟ್ಟಿಗೆ ಈ ಪ್ರಶ್ನೆ ಕಳ್ಳಕಾಕರ ಪ್ರಶ್ನೆಗಿಂತ ಸಣ್ಣದಲ್ಲ. 2021ರ ನವೆಂಬರ್‌ನಲ್ಲಿಯೂ 2024ರ ಅಕ್ಟೋಬರ್‌ನಲ್ಲಿಯೂ ಕೆರೆಯ ನೀರು ಇಲ್ಲಿನ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನುಗ್ಗಿ, ನಿವಾಸಿಗಳನ್ನು ದೋಣಿಯಲ್ಲಿ ಹೊರಗೆ ಕರೆತರಬೇಕಾಯಿತು. ಗೇಟು, ಕಾವಲು ಎಲ್ಲವೂ ಇದ್ದ ಜಾಗವೇ ಅದು. ಈ ಭಾಗದ ಕೆರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಯಲಹಂಕ ಕೆರೆ ಕೋಡಿ ಬಿದ್ದರೆ ಆ ನೀರು ಜಕ್ಕೂರು, ರಾಚೇನಹಳ್ಳಿ ಕೆರೆಗಳತ್ತ ಇಳಿಯಬೇಕು, ರಾಜಕಾಲುವೆ ಒತ್ತುವರಿಯಾಗಿಯೋ ಹೂಳು ತುಂಬಿಯೋ ದಾರಿ ಸಿಗದಿದ್ದರೆ ಅದು ಮನೆಗಳ ಒಳಗಿಂದಲೇ ದಾರಿ ಮಾಡಿಕೊಳ್ಳುತ್ತದೆ. ಕಂದಾಯ ಇಲಾಖೆಗಾಗಿ ರಾಜ್ಯದ ದೂರಸಂವೇದಿ ಕೇಂದ್ರ ರೂಪಿಸಿರುವ ದಿಶಾಂಕ್ ಎಂಬ ಉಚಿತ ಆ್ಯಪ್‌ನಲ್ಲಿ, ನಾವು ನಿಂತ ನೆಲದ ಸರ್ವೆ ನಂಬರನ್ನೂ ಪಕ್ಕದಲ್ಲಿ ಕೆರೆ ಅಥವಾ ರಾಜಕಾಲುವೆ ಇದೆಯೇ ಎಂಬುದನ್ನೂ ಹಳೆಯ ಗ್ರಾಮನಕ್ಷೆಯ ಮೇಲೆ ನೋಡಬಹುದು. ಗೇಟಿನ ಮುಂದೆ ನಿಂತು ತೆರೆದು ನೋಡಿದೆ. ಎರಡು ಸೈಟುಗಳಾಚೆಗೆ ಕಾಲುವೆಯ ಗೆರೆ ಕಾಣಿಸಿತು. ಐದು ನಿಮಿಷದ ಈ ಕೆಲಸವನ್ನು, 22,000 ರೂಪಾಯಿ ಪಡೆಯುವವರು ನಮ್ಮನ್ನು ಕರೆತರುವ ಮೊದಲೇ ಮಾಡಿರಬೇಕಿತ್ತು ಎಂಬುದು ನನ್ನ ದೊಡ್ಡ ಆಕ್ಷೇಪ.

ಇನ್ನೊಂದು ಆಕ್ಷೇಪ, ಅವರು ಮನೆ ತೋರಿಸುವ ಹೊತ್ತಿನದು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ತೋರಿಸುತ್ತಾರೆ. ಆ ಹೊತ್ತಿನಲ್ಲಿ ಯಾವ ಬೀದಿಯೂ ಭಯ ಹುಟ್ಟಿಸುವುದಿಲ್ಲ. ಮೊದಲ ಮನೆಯ ಬಡಾವಣೆಗೆ ಅದೇ ದಿನ ರಾತ್ರಿ ಒಂಬತ್ತಕ್ಕೆ ನಾನೂ ಮಗಳೂ ಹೋಗಿ, ಬಸ್ ನಿಲ್ದಾಣದಿಂದ ಗೇಟಿನವರೆಗೆ ನಡೆದೆವು. ಹನ್ನೆರಡು ನಿಮಿಷದ ದಾರಿ. ಮೊದಲ ಐದು ನಿಮಿಷ ಅಂಗಡಿಗಳ ಬೆಳಕಿತ್ತು. ಅಲ್ಲಿಂದಾಚೆಗೆ ಒಂದು ಕಡೆ ಕಾಂಪೌಂಡಿನ ಉದ್ದ ಗೋಡೆ, ಇನ್ನೊಂದು ಕಡೆ ಗಿಡಗಂಟಿ ಬೆಳೆದ ಖಾಲಿ ಸೈಟುಗಳು, ಆರು ಕಂಬಗಳಲ್ಲಿ ಉರಿಯುತ್ತಿದ್ದ ದೀಪಗಳು ಎರಡು. ಒಳಗಿನವರನ್ನು ಕಾಯುವ ಆ ಗೋಡೆ, ಹೊರಗೆ ನಡೆಯುವವಳ ಪಾಲಿಗೆ ಒಂದು ಕಿಟಕಿಯನ್ನಾಗಲಿ ಬಾಗಿಲನ್ನಾಗಲಿ ಉಳಿಸಿರಲಿಲ್ಲ. ಮೂಲೆಯಲ್ಲಿ ಇಸ್ತ್ರಿ ಗಾಡಿ ಮುಚ್ಚುತ್ತಿದ್ದ ಹೆಂಗಸನ್ನು ಮಾತಾಡಿಸಿದೆವು. ಆಕೆ ಇದ್ದಿಲಿನ ಮೇಲೆ ನೀರು ಚಿಮುಕಿಸುತ್ತಲೇ ಮಗಳ ಕಡೆ ತಿರುಗಿ, "ನೀನು ಒಬ್ಳೇ ಬರೋದಾದ್ರೆ ಈ ದಾರಿ ಬ್ಯಾಡ ಕಣವ್ವ, ಆ ತಿರುವಲ್ಲಿ ಎಲ್ಡು ಸಲ ಸರ ಕಿತ್ಕೊಂಡು ಹೋದ್ರು" ಎಂದರು. ಯಾವ ಸಂಸ್ಥೆಯ ಪಟ್ಟಿಯಲ್ಲಿಯೂ ಸಿಗದ ಮಾಹಿತಿ ಅದು. ಬಡಾವಣೆಯ ಗುಣ ತಿಳಿಯಬೇಕಾದರೆ ಇಸ್ತ್ರಿಯವರನ್ನು, ಹಾಲಿನ ಬೂತಿನವರನ್ನು, ರಾತ್ರಿ ಹತ್ತರವರೆಗೆ ತೆರೆದಿರುವ ಔಷಧ ಅಂಗಡಿಯವರನ್ನು ಕೇಳಬೇಕು ಎಂದು ಅಂದಿನಿಂದ ನಂಬಿದ್ದೇನೆ. ಅವರು ಬೀದಿಯನ್ನು ದಿನಕ್ಕೆ ಹದಿನಾಲ್ಕು ಗಂಟೆ ನೋಡುತ್ತಾರೆ.

ಸಂಸ್ಥೆಯವರು ಕೊಟ್ಟ ಕಿರುಹೊತ್ತಿಗೆಯಲ್ಲಿ ಪ್ರತಿ ಬಡಾವಣೆಗೂ "ಅಪರಾಧ ಕಡಿಮೆ" ಎಂಬ ಸಾಲೊಂದಿದೆ. ಅದು ಎಲ್ಲಿಂದ ಬಂದದ್ದೆಂದು ಬರೆದಿಲ್ಲ. ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ಆದೇಶದಂತೆ ಪೊಲೀಸರು ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಗಳೊಳಗೆ ಜಾಲತಾಣಕ್ಕೆ ಹಾಕಬೇಕು. ಯಾರು ಬೇಕಾದರೂ ಅವನ್ನು ಓದಬಹುದು. ಎರಡು ಸಂಜೆ ಕುಳಿತು ನಾನು ಓದಿದೆ. ಓದುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಪ್ರಕರಣಗಳಿಗೆ ಅದೇ ಆದೇಶದಲ್ಲಿ ವಿನಾಯಿತಿ ಇರುವುದರಿಂದ, ಹೆಣ್ಣುಮಕ್ಕಳ ತಂದೆತಾಯಿಗಳು ಹುಡುಕುವ ವಿಷಯವೇ ಅಲ್ಲಿ ಕಾಣಸಿಗುವುದಿಲ್ಲ. ಜೊತೆಗೆ, ದೂರು ಕೊಡಲು ಹೋದವರನ್ನು ಕೂರಿಸಿ ಬರೆದುಕೊಳ್ಳುವ ಠಾಣೆಯಲ್ಲಿ ಪ್ರಕರಣಗಳ ಸಂಖ್ಯೆ ಹೆಚ್ಚು ಕಾಣುತ್ತದೆ, ಸಾಗಹಾಕಿ ಕಳಿಸುವ ಠಾಣೆಯಲ್ಲಿ ಕಡಿಮೆ ಕಾಣುತ್ತದೆ. ಆದ್ದರಿಂದ ಬರೀ ಎಣಿಕೆಯಿಂದ ಒಂದು ಪ್ರದೇಶವನ್ನು ಒಳ್ಳೆಯದು ಕೆಟ್ಟದ್ದು ಎನ್ನಲಾಗದು. ಯಾವ ಹೊತ್ತಿನಲ್ಲಿ, ಯಾವ ಬಗೆಯ ಜಾಗದಲ್ಲಿ ನಡೆಯಿತು ಎಂಬ ವಿವರಗಳಿಂದ ಮಾತ್ರ ನಿಜವಾದ ಉಪಯೋಗವಿದೆ.

ಕೊನೆಗೆ ನಾವು ಒಪ್ಪಿದ ಮೂರನೆಯ ಮನೆಯನ್ನು ತೋರಿಸಿದವರೂ ಇವರೇ ಎಂಬುದನ್ನು ಹೇಳಲೇಬೇಕು. ಅದು ಗೃಹ ಮಂಡಳಿಯ ಕಾಲದ ಹಳೆಯ ಉಪನಗರದ ಮನೆ. ಗೇಟಿಲ್ಲ, ಕಾವಲುಗಾರನಿಲ್ಲ, ಸ್ನಾನದ ಮನೆ ತೀರ ಇಕ್ಕಟ್ಟು. ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ ಸುರಕ್ಷತೆಯ ವಿಷಯದಲ್ಲಿ "ಸಾಧಾರಣ" ಎಂದಿತ್ತು. ಆದರೆ ರಾತ್ರಿ ಒಂಬತ್ತಕ್ಕೆ ಹೋದಾಗ ಪಾರ್ಕಿನ ಕಟ್ಟೆಯ ಮೇಲೆ ನಾಲ್ವರು ಅಜ್ಜಿಯರು ಕುಳಿತಿದ್ದರು, ಎದುರು ಮನೆಯ ಜಗುಲಿಯಲ್ಲಿ ಹುಡುಗನೊಬ್ಬ ಮಗ್ಗಿ ಒಪ್ಪಿಸುತ್ತಿದ್ದ, ಬಸ್ಸಿಳಿದ ಮೂವರು ಹೆಣ್ಣುಮಕ್ಕಳು ಮಾತಾಡಿಕೊಂಡು ನಡೆದು ಹೋಗುತ್ತಿದ್ದರು. ಬಸ್ಸಿನಿಂದ ಮನೆಗೆ ನಾಲ್ಕು ನಿಮಿಷ, ದಾರಿಯುದ್ದಕ್ಕೂ ಬಾಗಿಲು ಕಿಟಕಿಗಳು ರಸ್ತೆಯ ಕಡೆಗಿವೆ. ಬಂದು ನಾಲ್ಕು ತಿಂಗಳಾಯಿತು. ಒಮ್ಮೆ ಮಗಳು ತಡವಾದಾಗ, ನಾನು ಚಪ್ಪಲಿ ಮೆಟ್ಟುವ ಮೊದಲೇ ಪಕ್ಕದ ಮನೆಯವರು ಹೊರಗೆ ಬಂದು, "ಇನ್ನೂ ಬಂದಿಲ್ವಾ ನಿಮ್ಮ ಹುಡುಗಿ?" ಎಂದು ಕೇಳಿದರು.

ಮನೆ ಹುಡುಕುವ ಕೆಲಸಕ್ಕೆ ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಸುರಕ್ಷತೆಯ ಸಲಹೆಗೆ ಒಂದು. ಶುಲ್ಕ ಕಟ್ಟುವ ಮೊದಲೇ, ಪ್ರತಿ ಮನೆಯನ್ನೂ ರಾತ್ರಿ ಎಂಟರ ನಂತರ ಇನ್ನೊಮ್ಮೆ ತೋರಿಸಬೇಕೆಂದು ಬರೆಸಿಕೊಳ್ಳಿ. ನಮ್ಮ ನಂತರ ಹೋದ ಪರಿಚಯದವರೊಬ್ಬರು ಹಾಗೆ ಕೇಳಿದರು, ಸಂಸ್ಥೆಯವರು ಒಪ್ಪಿದರು.