ಎರಡು ಡಿಸ್ಕ್‌ಗಳ ನ್ಯಾಸ್: ಕೆಲವು ವರ್ಷ ಬಳಸಿದ ಮೇಲೆ

ಯಕ್ಷಗಾನದ ಧ್ವನಿಮುದ್ರಣಗಳನ್ನು ಸಂಗ್ರಹಿಸುವುದು ನನ್ನ ಹವ್ಯಾಸ. ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಇಡೀ ರಾತ್ರಿಯ ಆಟಗಳು ಈಗ ರೂಟರ್ ಪಕ್ಕದ ನ್ಯಾಸ್‌ನಲ್ಲಿವೆ, ಅಂದರೆ ಮನೆಯ ಕಂಪ್ಯೂಟರ್‌ಗಳೆಲ್ಲ ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಗಟ್ಟಿ, ಸದ್ದು ಕಡಿಮೆ, ಹಗಲಿರುಳು ನಡೆಯುತ್ತದೆ. ಆದರೆ ಕೊಳ್ಳುವವರು ನಿಜವಾಗಿ ತಿಳಿದಿರಬೇಕಾದದ್ದು ಅದರ ಫೋಲ್ಡರ್‌ಗಳಿಗೆ ಕಂಪ್ಯೂಟರನ್ನು ಜೋಡಿಸುವ ಬಗೆ.

ವಿಂಡೋಸ್‌ನ ‘ನೆಟ್‌ವರ್ಕ್’ ಪಟ್ಟಿಯಲ್ಲಿ ನ್ಯಾಸ್ ತಾನಾಗಿ ಕಾಣಿಸಲಿ ಎಂದು ಕಾಯಬೇಡಿ. ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ರೂಟರ್‌ನಲ್ಲಿ ಅದಕ್ಕೊಂದು ಐಪಿ ವಿಳಾಸ ಕಾದಿರಿಸಿ. ಅದು 192.168.1.50 ಆಗಿದ್ದರೆ, ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಜಾಗದಲ್ಲಿ \\192.168.1.50 ಎಂದು ಬರೆದರೆ ಸಾಕು. ಬೇಕಾದ ಫೋಲ್ಡರನ್ನು ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಮೂಲಕ ಒಂದು ಡ್ರೈವ್ ಅಕ್ಷರಕ್ಕೆ ಕಟ್ಟಿಕೊಳ್ಳಬಹುದು. ಮ್ಯಾಕ್‌ನಲ್ಲಿ ಫೈಂಡರ್‌ನ ‘ಕನೆಕ್ಟ್ ಟು ಸರ್ವರ್’ ಇದೇ ಕೆಲಸ ಮಾಡುತ್ತದೆ.

ಜೋಡಣೆ ಆಗದಿದ್ದರೆ ಎಸ್‌ಎಂಬಿ 1 (ನೆಟ್‌ವರ್ಕ್‌ನಲ್ಲಿ ಕಡತ ಹಂಚಿಕೊಳ್ಳುವ ವಿಧಾನದ ಹಳೆಯ ಆವೃತ್ತಿ) ಚಾಲೂ ಮಾಡಿ ಎಂಬ ಸಲಹೆ ಇಂದಿಗೂ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶ ಹರಡಿದ್ದು ಅದರ ದೋಷದಿಂದಲೇ. ನ್ಯಾಸ್‌ನಲ್ಲಿ ಕನಿಷ್ಠ ಎಸ್‌ಎಂಬಿ 2 ಇಟ್ಟು, ಮನೆಯ ಪ್ರತಿಯೊಬ್ಬರಿಗೂ ಬೇರೆ ಹೆಸರು, ಪಾಸ್‌ವರ್ಡ್ ಕೊಡಿ. ಒಂದು ಮಾತು: ವಿಂಡೋಸ್ ಒಂದೇ ಸರ್ವರ್‌ಗೆ ಏಕಕಾಲದಲ್ಲಿ ಎರಡು ಬಳಕೆದಾರ ಹೆಸರುಗಳನ್ನು ಒಪ್ಪುವುದಿಲ್ಲ. ಹೆಸರು ಬದಲಿಸಬೇಕಾದರೆ ಹಳೆಯ ಜೋಡಣೆಯನ್ನು ಕಡಿದು, ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿದ ಪಾಸ್‌ವರ್ಡನ್ನೂ ಅಳಿಸಬೇಕು.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಇನ್ನೊಂದು ಮುಖ್ಯ ವಿಷಯವಿದೆ, ಮಾರುವವರು ಯಾರೂ ಇದನ್ನು ನನಗೆ ಹೇಳಲಿಲ್ಲ. ಕನ್ನಡ ಹೆಸರುಗಳು ಸೊಗಸಾಗಿಯೇ ನಡೆಯುತ್ತವೆ. ಆದರೆ ಹೆಚ್ಚಿನ ನ್ಯಾಸ್‌ಗಳ ಒಳಗಿರುವುದು ಲಿನಕ್ಸ್. ಅಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿ. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು; ಸ್ವರಚಿಹ್ನೆ, ವಿರಾಮ (ಅರ್ಧಾಕ್ಷರದ ‘್’ ಗುರುತು), ಒತ್ತಕ್ಷರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ ‘ಯಕ್ಷಗಾನ’ ಏಳು ಚಿಹ್ನೆಗಳಾಗಿ 21 ಬೈಟ್ ತಿನ್ನುತ್ತದೆ. ಒಟ್ಟು 85 ಚಿಹ್ನೆಗಳಿಗೆ ಜಾಗ ಮುಗಿಯಿತು. ಮೇಳ, ಪ್ರಸಂಗ, ಭಾಗವತರು, ಊರು, ತಾರೀಖು ಎಲ್ಲವನ್ನೂ ಒಂದೇ ಹೆಸರಿನಲ್ಲಿ ತುರುಕಿದ ಕಡತ ವಿಂಡೋಸ್‌ನ ಸ್ವಂತ ಡಿಸ್ಕ್‌ನಲ್ಲಿ ಕುಳಿತೀತು, ನ್ಯಾಸ್‌ಗೆ ನಕಲಾಗುವುದಿಲ್ಲ. ಕೆಲವು ನ್ಯಾಸ್‌ಗಳ ಎನ್‌ಕ್ರಿಪ್ಟ್ ಮಾಡಿದ ಫೋಲ್ಡರ್‌ಗಳಲ್ಲಿ ಮಿತಿ ಇನ್ನೂ ಕಡಿಮೆ. ಹಾಗಾಗಿ ನಾನು ಮೇಳಕ್ಕೊಂದು, ವರ್ಷಕ್ಕೊಂದು ಫೋಲ್ಡರ್ ಮಾಡಿ ಕಡತದ ಹೆಸರನ್ನು ಚಿಕ್ಕದಾಗಿಡುತ್ತೇನೆ.

ವೇಗ ಸಾಕಷ್ಟಿದೆ. ಗಿಗಾಬಿಟ್ ಕೇಬಲ್‌ನಲ್ಲಿ ದೊಡ್ಡ ಕಡತಗಳು ಸೆಕೆಂಡಿಗೆ ಸುಮಾರು 110 ಮೆಗಾಬೈಟ್‌ನಂತೆ ಸಾಗುತ್ತವೆ. ವೈಫೈಯಲ್ಲಿ ಅಷ್ಟು ನಿರೀಕ್ಷಿಸಬೇಡಿ.

ಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಮೊದಲ ದಿನವೇ ನ್ಯಾಸ್‌ನ ರೀಸೈಕಲ್ ಬಿನ್ ಚಾಲೂ ಮಾಡಿ, ಏಕೆಂದರೆ ನೆಟ್‌ವರ್ಕ್ ಡ್ರೈವ್‌ನಲ್ಲಿ ಅಳಿಸಿದ್ದು ಕಂಪ್ಯೂಟರಿನ ರೀಸೈಕಲ್ ಬಿನ್‌ಗೆ ಬರುವುದಿಲ್ಲ. ಎರಡೂ ಡಿಸ್ಕ್‌ಗಳಲ್ಲಿ ಅದೇ ಕಡತದ ಪ್ರತಿ ಇದ್ದರೂ ಅಳಿಸಿದರೆ ಎರಡರಲ್ಲೂ ಹೋಗುತ್ತದೆ. ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕ್‌ನಲ್ಲಿ ಇಡಲೇಬೇಕು.