ಪ್ರವಾಸದಲ್ಲೂ ದೇಶದ ಸುದ್ದಿ: ಒಂದು ಫೀಡ್ ರೀಡರ್ ಆ್ಯಪ್‌ನ ವಿಮರ್ಶೆ

ಆರು ವಾರಗಳ ವಿದೇಶ ಪ್ರವಾಸದಲ್ಲಿ ನಾನು ಬಳಸಿದ ಈ ಫೀಡ್ ರೀಡರ್ (ನಾವು ಆರಿಸಿದ ಜಾಲತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುವ ಆ್ಯಪ್), ದೇಶದೇಶ ಸುತ್ತುತ್ತಲೇ ತಮ್ಮ ಸಂಸತ್ತಿನ ಮಸೂದೆಗಳ ಮೇಲೂ ಕಣ್ಣಿಡಬಯಸುವವರಿಗೆ ತಕ್ಕ ಸಾಧನವಾಗಿದೆ. 1999ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ಹೊರತಂದ ಆರ್‌ಎಸ್‌ಎಸ್ ಎಂಬ ಮಾದರಿಯಿಂದ ಬೆಳೆದ ಈ ಓದುವ ವಿಧಾನವು, ಇಂಥದೇ ಸೇವೆಯಾಗಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿದ ಮೇಲೂ ಉಳಿದುಕೊಂಡಿದೆ. ಇಲ್ಲಿ ಮೂಲಗಳನ್ನು ಓದುಗರೇ ಆರಿಸಿಕೊಳ್ಳುತ್ತಾರೆ, ಬರಹಗಳು ಪ್ರಕಟವಾದ ಕ್ರಮದಲ್ಲೇ ಬರುತ್ತವೆ, ಕೋಪ ಕೆರಳಿಸುವ ಸುದ್ದಿಯನ್ನು ಮೇಲಕ್ಕೆ ತಳ್ಳುವ ಅಲ್ಗಾರಿದಮ್ ನಡುವೆ ಬರುವುದಿಲ್ಲ. ಲೇಖನಗಳನ್ನು ಮೊದಲೇ ಇಳಿಸಿಕೊಂಡರೆ ವಿಮಾನದಲ್ಲೂ ಓದಬಹುದು. ಸೂಚನೆಗಳನ್ನು ದಿನಕ್ಕೊಮ್ಮೆಗೆ ಮಿತಗೊಳಿಸಿದ ಮೇಲೆ (ಇದನ್ನು ಮೊದಲ ದಿನವೇ ಮಾಡಬೇಕಿತ್ತು) ವಸ್ತುಸಂಗ್ರಹಾಲಯದ ನಡುವೆ ನಿಂತು ನೀತಿ ಚರ್ಚೆ ಓದುವ ನನ್ನ ಚಾಳಿ ತಪ್ಪಿತು. ದೋಷವೆಂದರೆ, ಸಮಯವನ್ನು ಫೋನಿನ ಗಡಿಯಾರಕ್ಕೆ ಹೊಂದಿಸದೆ ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯದಲ್ಲೇ) ತೋರಿಸುತ್ತದೆ. ಇದರಿಂದ ‘ಇಂದೇ ಕೊನೆಯ ದಿನ’ ಎಂಬ ಪ್ರಕಟಣೆಯನ್ನು ತಪ್ಪಾಗಿ ಲೆಕ್ಕಹಾಕಿ, ಕರಡು ನಿಯಮವೊಂದಕ್ಕೆ ಆಕ್ಷೇಪಣೆ ಸಲ್ಲಿಸುವ ಅವಕಾಶವನ್ನು ಕಳೆದುಕೊಂಡೆ.